‘ಬುಷ್ ಇದೆ’ ಅಂದು ಮಾರಿದ ಚಾಕು, ಒಳಗೆ ಬುಷ್ಷೇ ಇಲ್ಲ

ಮಡಚುವ ಚಾಕು ತರಿಸಿಕೊಳ್ಳುವವರು ದಯವಿಟ್ಟು ಓದಿ. ಅದರಲ್ಲೂ ‘ಪಿವಟ್‌ಗೆ (ಅಲಗು ತಿರುಗುವ ಜಾಗಕ್ಕೆ) ಕಂಚಿನ ಬುಷ್ (ಸಣ್ಣ ಕೊಳವೆ) ಹಾಕಿದ್ದೇವೆ’ ಅನ್ನುವ ಮಾತಿಗೆ ಜಾಸ್ತಿ ದುಡ್ಡು ಕೊಡುವ ಮೊದಲು ಓದಿ. ನಾನು ಕೊಟ್ಟೆ.

ಹಳೇ ಮಾದರಿಯ ಚಾಕು. ಲಾಕ್ ಇಲ್ಲ, ಹಿಂದಿನ ಸ್ಪ್ರಿಂಗ್ ಒತ್ತಡದಲ್ಲೇ ಅಲಗು ನಿಲ್ಲುತ್ತದೆ. ಸ್ಕ್ರೂ ಕೂಡ ಇಲ್ಲ, ಪಿನ್ ಬಡಿದು ಕೂರಿಸಿರುತ್ತಾರೆ. ಮೊದಲ ದಿನ ಟಕ್ ಅಂತ ತೆರೆಯಿತು, ಟಕ್ ಅಂತ ಮುಚ್ಚಿತು. ಖುಷಿಯಿಂದ ನಾಲ್ಕು ಜನರಿಗೆ ತೋರಿಸಿದೆ. ‘ಬುಷ್ ಇದೆ, ಅದಕ್ಕೇ ಇಷ್ಟು ನಯ’ ಅಂತ ನಾನೇ ವಿವರಿಸಿದೆ. ಈಗ ನೆನೆದರೆ ಮುಖ ಬಿಸಿಯಾಗುತ್ತದೆ.

ಎರಡು ತಿಂಗಳಲ್ಲಿ ಅಲಗು ಅಕ್ಕಪಕ್ಕಕ್ಕೆ ಆಡತೊಡಗಿತು. ಕೇಳಿದೆ. ‘ಎಣ್ಣೆ ಹಾಕಿ’ ಅಂದರು ಮಾರಿದವರು. ಹಾಕಿದೆ. ಎಣ್ಣೆಯಿಂದ ಅಲುಗಾಟ ಹೋಗುತ್ತದಾ? ಮತ್ತೆ ಕೇಳಿದೆ. ‘ಹೊಸದಲ್ವಾ, ಪಳಗಬೇಕು’ ಅಂದರು. ಬಳಸುತ್ತಾ ಬಳಸುತ್ತಾ ಬಿಗಿ ಇದ್ದದ್ದು ಸಡಿಲವಾಗುತ್ತದೆ. ಸಡಿಲ ಇದ್ದದ್ದು ಬಿಗಿಯಾಗುತ್ತದಾ? ಆಮೇಲೆ ‘ಪಿನ್ ತಲೆಗೆ ಸುತ್ತಿಗೆಯಿಂದ ಮೆಲ್ಲಗೆ ಎರಡು ಏಟು ಕೊಡಿ’ ಅಂದರು. ಕೊಟ್ಟೆ. ಅಲಗು ಕಚ್ಚಿಕೊಂಡಿತು. ಉಗುರು ಹಾಕಿ ಎಳೆದರೂ ಬರಲಿಲ್ಲ.

ಅಲ್ಲೇ ಅನುಮಾನ ಬಂತು. ಬುಷ್ ಅಂದರೆ ಅಲಗಿನ ಬುಡದ ತೂತಿನಲ್ಲಿ ಕೂರುವ ಸಣ್ಣ ಕೊಳವೆ. ಅದರೊಳಗೆ ಪಿನ್. ಬುಷ್‌ನ ಉದ್ದ ಬುಡದ ದಪ್ಪಕ್ಕಿಂತ ಕೂದಲೆಳೆಯಷ್ಟು ಜಾಸ್ತಿ ಇರಬೇಕು, 0.05 ಮಿ.ಮೀ. ಆಸುಪಾಸು. ಆಗ ಪಿನ್ ಬಡಿದರೆ ಎರಡೂ ಕಡೆಯ ಲೈನರ್ (ಹಿಡಿಯ ಒಳಗಿನ ಲೋಹದ ತಗಡು) ಬುಷ್ ಅನ್ನು ಅಮುಕುತ್ತವೆ, ಅಲಗನ್ನಲ್ಲ. ಬುಷ್ ನಿಂತಿರುತ್ತದೆ, ಅಲಗು ಅದರ ಸುತ್ತ ತಿರುಗುತ್ತದೆ. ಹಾಗಿದ್ದ ಮೇಲೆ ಎರಡೇ ಏಟಿಗೆ ಅಲಗು ಹೇಗೆ ಕಚ್ಚಿಕೊಂಡಿತು?

ಚಾಕು ರಿಪೇರಿ ಮಾಡುವವರ ಹತ್ತಿರ ಪಿನ್ ತೆಗೆಸಿದೆ. ಪಿನ್ ಬಂತು, ಅಲಗು ಬಂತು. ಬುಷ್ ಬರಲಿಲ್ಲ. ಕೆಳಗೆ ಬಿದ್ದಿರಬೇಕು ಅಂತ ಮಂಡಿಯೂರಿ ನೆಲವೆಲ್ಲ ಹುಡುಕಿದೆ. ಅವರು ಸ್ವಲ್ಪ ಹೊತ್ತು ನೋಡಿ, ‘ಹುಡುಕಬೇಡಿ, ಇದಕ್ಕೆ ಹಾಕೇ ಇಲ್ಲ’ ಅಂದರು. ತೂತನ್ನು ಪಿನ್ ಅಳತೆಗೇ ಕೊರೆದಿದ್ದರು. ಬುಷ್ ಕೂರಲು ಜಾಗವೇ ಇರಲಿಲ್ಲ.

ಮಾರಿದವರಿಗೆ ಫೋಟೊ ಕಳಿಸಿದೆ. ‘ನಾವು ಹೇಳಿದ್ದು ವಾಷರ್ ಬಗ್ಗೆ’ ಅಂತ ಉತ್ತರ! ವಾಷರ್ ಕೂರುವುದು ಅಲಗಿನ ಪಕ್ಕದಲ್ಲಿ, ಬುಷ್ ತೂತಿನೊಳಗೆ. ಹೋಗಲಿ, ವಾಷರ್ ಆದರೂ ಇತ್ತಾ? ಅದೂ ಇಲ್ಲ. ಅದನ್ನೂ ಹೇಳಿದೆ. ಕೊನೆಗೆ ಬಂದದ್ದು, ‘ನೀವು ಬಿಚ್ಚಿದ್ದೀರಿ, ವಾಪಸ್ ತಗೊಳ್ಳಲ್ಲ.’ ಬಿಚ್ಚದೆ ಒಳಗೆ ಏನಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು?

ಬುಷ್ ಇಲ್ಲದ ಚಾಕು ಕೆಟ್ಟದ್ದು ಅಂತಲ್ಲ. ಕೈ ಪಳಗಿದವರು ಬರೀ ಪಿನ್‌ನಲ್ಲೇ ಚೆನ್ನಾಗಿ ಕೂರಿಸುತ್ತಾರೆ. ಇಲ್ಲದ್ದನ್ನು ಇದೆ ಅಂದರಲ್ಲ, ಅದಕ್ಕೆ ಸಿಟ್ಟು.

ಪಿನ್ ಬಡಿಯುವ ಮೊದಲಿನ ಫೋಟೊ ಕೇಳಿ. ತೂತಿನಲ್ಲಿ ಬುಷ್ ಕಾಣಬೇಕು. ಬುಷ್ ಉದ್ದ ಎಷ್ಟು, ಬುಡದ ದಪ್ಪ ಎಷ್ಟು ಅಂತ ಕೇಳಿ. ನಿಜವಾಗಿ ಹಾಕುವವರು ಆ ಅಳತೆ ನೋಡದೆ ಹಾಕಲು ಆಗುವುದಿಲ್ಲ. ನಾನು ಕೇಳಿದಾಗ ‘ಅದೆಲ್ಲ ಸರಿಯಾಗೇ ಇರುತ್ತದೆ’ ಅಂದಿದ್ದರು. ಅಷ್ಟಕ್ಕೇ ಸುಮ್ಮನಾಗಿಬಿಟ್ಟೆ.