ಅರ್ಧ ಅಂಬಾಸಿಡರ್, ನಾಲ್ಕು ಮಳೆಗಾಲ

ನಮ್ಮ ಅಂಗಳಕ್ಕೆ ಹೊಸಬರು ಯಾರೇ ಬಂದರೂ ಕೇಳುವುದು ಒಂದೇ ಪ್ರಶ್ನೆ. "ಇದರ ಮುಂದಿನ ಅರ್ಧ ಎಲ್ಲಿ ಮಾರಾಯ್ರೆ?"

ಗುಜರಿಯಲ್ಲಿ. ಹಿಂದಿನ ಅರ್ಧ ನಮ್ಮನೆಯಲ್ಲಿ. ಒಂದು ಹಳೇ ಅಂಬಾಸಿಡರ್ ಕಾರಿನ ಹಿಂಭಾಗ ಕತ್ತರಿಸಿ, ಜೀಪಿನ ಹಿಂದೆ ಎಳೆಯುವ ಟ್ರೈಲರ್ ಮಾಡಿಸಿದ್ದೇನೆ. 2021ರ ಬೇಸಿಗೆಯ ಕೆಲಸ. ಅಲ್ಲಿಂದ ಈಚೆಗೆ ತೀರ್ಥಹಳ್ಳಿ ಕಡೆಯ ನಾಲ್ಕು ಮಳೆಗಾಲ, ನಾಲ್ಕು ಅಡಿಕೆ ಕೊಯ್ಲು ಮುಗಿಸಿದೆ. ಮಾಡಿಸಿದ ಹೊಸತರಲ್ಲಿ ಬರೆದಿದ್ದರೆ ಬರೀ ಹೊಗಳಿಕೆಯೇ ಇರುತ್ತಿತ್ತು. ಈಗ ಬೈಗುಳವೂ ಸ್ವಲ್ಪ ಸೇರಿದೆ.

ಅಂಬಾಸಿಡರ್ ಯಾಕೆ ಅಂದರೆ, ಅದರ ಹಿಂದಿನ ಆಕ್ಸಲ್ಲು. ಉದ್ದಕ್ಕೆ ಒಂದೇ ಗಟ್ಟಿ ಆಕ್ಸಲ್, ಕೆಳಗೆ ಎರಡು ಪಾಟಾ (ಪಟ್ಟಿ ಜೋಡಿಸಿದ ಸ್ಪ್ರಿಂಗು), 15 ಇಂಚಿನ ಚಕ್ರ. ಒಂದು ರೀತಿಯಲ್ಲಿ ಅರ್ಧ ಟ್ರೈಲರ್ ಅದರಲ್ಲೇ ತಯಾರಾಗಿ ಕೂತಿದೆ. ಮಾರುತಿ 800 ಗುಜರಿಯಲ್ಲಿ ಇನ್ನೂ ಅಗ್ಗಕ್ಕೆ ಸಿಗುತ್ತಿತ್ತು. ಆದರೆ ಅದರ 12 ಇಂಚಿನ ಚಕ್ರ ನಮ್ಮ ತೋಟದ ಕೆಸರಿಗೆ ಇಳಿದರೆ ಮೇಲೆ ಬರುವುದು ಮುಂದಿನ ಬೇಸಿಗೆಗೇ. ಇನ್ನೊಂದು ಕಾರಣ ಬಿಡಿಭಾಗ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಸ್ವಲ್ಪ ತಿದ್ದಿ, 1950ರ ದಶಕದ ಕೊನೆಯಿಂದ 2014ರವರೆಗೆ ಕೋಲ್ಕತ್ತಾ ಹತ್ತಿರದ ಉತ್ತರಪಾರದಲ್ಲಿ ಮಾಡುತ್ತಲೇ ಇದ್ದರು. ಅಷ್ಟು ವರ್ಷ ಹೆಚ್ಚು ಕಡಿಮೆ ಅದೇ ಆಕಾರ. ಹಾಗಾಗಿ ಬೇರಿಂಗು, ಪಾಟಾ, ಬ್ರೇಕ್ ಡ್ರಮ್ಮು ಹುಡುಕಿದರೆ ಈಗಲೂ ಸಿಗುತ್ತವೆ. ನನಗೆ ಸಿಕ್ಕಿದೆ.

ಸಣ್ಣ ಟ್ರೈಲರ್ ಹೊಸದೇ ತರಬಹುದಿತ್ತು, ನಿಜ. ನಾನು ನೋಡಿದ ಟಿಲ್ಲರ್ ಟ್ರೈಲರ್‌ಗೆ ಸ್ಪ್ರಿಂಗೇ ಇರಲಿಲ್ಲ. ಟ್ರ್ಯಾಕ್ಟರ್ ಟ್ರೈಲರ್ ನಮ್ಮ ತೋಟದ ದಾರಿಗೆ ಹಿಡಿಸಲ್ಲ. ಇದೆಲ್ಲ ಹೆಂಡತಿಗೆ ಹೇಳಿದ ಕಾರಣ. ನಿಜ ಹೇಳಬೇಕೆಂದರೆ ಆ ದುಂಡು ಡಿಕ್ಕಿಯ ಮೇಲೆ ನನಗೆ ಮೊದಲಿಂದಲೂ ಆಸೆ. ನಮ್ಮ ಕಡೆ ಮದುವೆ ದಿಬ್ಬಣ ಅಂದರೆ ಅಂಬಾಸಿಡರ್. ಒಳಗೆ ಹತ್ತು ಜನ, ಡಿಕ್ಕಿಯಲ್ಲಿ ಪಾತ್ರೆ, ಹಲಸಿನಹಣ್ಣು, ಬಾಗಿಲು ಮುಚ್ಚದೆ ಹಗ್ಗ ಕಟ್ಟಿದ್ದು. ಅದನ್ನು ನೋಡಿ ಬೆಳೆದವನು ನಾನು.

ಶಿವಮೊಗ್ಗದ ಒಂದು ಗುಜರಿಯಲ್ಲಿ ಡೀಸೆಲ್ ಮಾರ್ಕ್ 4 ಸಿಕ್ಕಿತು. ಮುಂದಿನ, ಹಿಂದಿನ ಬಾಗಿಲ ನಡುವಿನ ಕಂಬದ ಮುಂದಕ್ಕೆ ಕತ್ತರಿಸಿ, ಆಕ್ಸಲ್ ಸಮೇತ ಹಿಂಭಾಗ ₹16,000. ಹಿಂದಿನ ಬಾಗಿಲಿನ ಹಿಂಜು ಆ ಕಂಬದಲ್ಲೇ ಇರುವುದರಿಂದ ಕಂಬ ಉಳಿಸಿಕೊಂಡಿದ್ದು ಒಳ್ಳೆಯದೇ ಆಯಿತು. ಎರಡೂ ಬದಿಯಿಂದ ಬಾಗಿಲು ತೆಗೆದು ಅಡಿಕೆ ಗೊನೆ ತುಂಬಬಹುದು. ಟಾಪ್ ಕತ್ತರಿಸಿದೆವು. ಇಂಧನದ ಟ್ಯಾಂಕ್ ಡಿಕ್ಕಿ ಕೆಳಗೆ ಇರುತ್ತದೆ. ಕಟರ್ ಹಚ್ಚುವ ಮೊದಲು ಅದನ್ನು ಬಿಚ್ಚಿ ದೂರ ಇಡಿಸಿ. ಖಾಲಿ ಟ್ಯಾಂಕ್ ಅಂತ ಸದರ ಬೇಡ, ಒಳಗೆ ಉಳಿದ ಆವಿಗೆ ಕಿಡಿ ಬಿದ್ದರೆ ಸಿಡಿಯುತ್ತದೆ.

ಮೊದಲ ತಪ್ಪು ಇಲ್ಲಿಂದ ಶುರು. ಅಂಬಾಸಿಡರ್‌ಗೆ ಲಾರಿ ಹಾಗೆ ಭಾರ ಹೊರುವ ಬೇರೆ ಚೌಕಟ್ಟು, ಅಂದರೆ ಚಾಸಿಸ್ ಇಲ್ಲ. ಇಡೀ ಮೈಯೇ ಅದರ ಬಲ. ಟಾಪು, ಕಂಬ, ತಳ ಎಲ್ಲ ಸೇರಿ ಒಂದು ಡಬ್ಬಿ. ಡಬ್ಬಿಯನ್ನು ಅರ್ಧ ಮಾಡಿ, ಮುಚ್ಚಳವನ್ನೂ ತೆಗೆದರೆ ಉಳಿಯುವುದು ಬಾಗುವ ತಗಡು, ಅಲ್ವಾ? ನಮ್ಮ ವೆಲ್ಡರ್‌ಗೆ ಅದು ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮೂಕಿಯನ್ನು, ಅಂದರೆ ಜೀಪಿಗೆ ಕೊಂಡಿ ಹಾಕಿ ಎಳೆಯುವ ಮುಂದಿನ ತೊಲೆಯನ್ನು, ನೇರವಾಗಿ ತಳದ ತಗಡಿಗೇ ಬೆಸೆದುಬಿಟ್ಟ. ಆರನೇ ತಿಂಗಳಿಗೆ ಬೆಸುಗೆ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು. ಒಂದು ವಾರದಲ್ಲಿ ಅದರೊಳಗೆ ಹತ್ತು ಪೈಸೆ ನಾಣ್ಯ ತೂರುವಷ್ಟಾಯಿತು. ಬೆಸುಗೆ ಬಿಟ್ಟಿರಲಿಲ್ಲ. ಪಕ್ಕದ ತಗಡೇ ಹರಿದಿತ್ತು.

₹9,000 ನೀರಿಗೆ ಹೋಯಿತು. ಆಮೇಲೆ ಭದ್ರಾವತಿಯ ಒಬ್ಬರು ಸರಿಯಾಗಿ ಮಾಡಿಕೊಟ್ಟರು. 75 ಮಿಮೀ ಸಿ ಆಕಾರದ ಕಬ್ಬಿಣದ ಚಾನಲ್‌ನಲ್ಲಿ ಏಣಿಯಂಥ ಚೌಕಟ್ಟು ಕಟ್ಟಿ, ಪಾಟಾದ ಎರಡೂ ತುದಿಯನ್ನು ಆ ಚಾನಲ್‌ಗೇ ಕೂರಿಸಿದರು. ಕಾರಿನ ಮೈ ಈಗ ಅದರ ಮೇಲೆ ಬೋಲ್ಟ್ ಹಾಕಿ ಕೂತಿದೆ ಅಷ್ಟೇ. ಭಾರ ಹೊರುವ ಕೆಲಸ ಅದಕ್ಕಿಲ್ಲ. ಮೂಕಿ ಮೊದಲು 3 ಅಡಿ ಇತ್ತು. ತಿರುವಿನಲ್ಲಿ ಜೀಪಿನ ಮೂಲೆ ಬಂದು ಟ್ರೈಲರ್‌ಗೆ ಬಡಿಯುತ್ತಿತ್ತು. ಈಗ 5 ಅಡಿ. ರಿವರ್ಸ್ ಹೊಡೆಯುವುದೂ ಸಲೀಸಾಯಿತು. ಮೂಕಿ ಗಿಡ್ಡ ಇದ್ದಷ್ಟೂ ಟ್ರೈಲರ್ ಗಕ್ಕನೆ ಅಡ್ಡ ತಿರುಗುತ್ತದೆ.

ಎಂಜಿನ್ ಕಡೆಯಿಂದ ಆಕ್ಸಲ್ ತಿರುಗಿಸುವ ಪ್ರೊಪೆಲ್ಲರ್ ಶಾಫ್ಟ್ ಮಾತ್ರ ಬಿಚ್ಚಿ, ಆಕ್ಸಲ್ ನಡುವಿನ ಗೇರು, ಅಂದರೆ ಡಿಫರೆನ್ಷಿಯಲ್, ಹಾಗೇ ಬಿಟ್ಟಿದ್ದೇವೆ. ಸುಮ್ನೆ ತಿರುಗುತ್ತಿರುತ್ತದೆ. ಮುಂದಿನ ತುದಿಗೆ ಕೆಸರು ಹೋಗದ ಹಾಗೆ ತಗಡಿನ ಟೋಪಿ ಹಾಕಿದ್ದೇವೆ. ಗೇರ್ ಆಯಿಲ್ ಇದೆಯಾ ಅಂತ ವರ್ಷಕ್ಕೊಮ್ಮೆ ನೋಡಿದರೆ ಸಾಕು. ಹ್ಯಾಂಡ್‌ಬ್ರೇಕ್ ಕೇಬಲ್ ಎಳೆದು ತಂದು ಮೂಕಿ ಮೇಲೆ ಲಿವರ್ ಕೂರಿಸಿದ್ದೇವೆ. ಗುಡ್ಡೆ ಮೇಲೆ ನಿಲ್ಲಿಸಿ ದರಗು (ಒಣಗಿದ ಎಲೆ) ತುಂಬುವಾಗ ಇದರಷ್ಟು ಉಪಕಾರಿ ಇನ್ನೊಂದಿಲ್ಲ.

ಈಗ ಡಿಕ್ಕಿ ವಿಷಯ. ಯಾವುದಕ್ಕೆ ಆಸೆಪಟ್ಟೆನೋ ಅದೇ ಕೈಕೊಟ್ಟಿತು.

ಮೊದಲ ವರ್ಷ ಮಳೆ ಹಿಡಿಯುವ ಮುಂಚೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುವ ಕೆಲಸ. ಡಿಕ್ಕಿಗೆ ಬೀಗ ಇದೆ, ಮಳೆ ಬಂದರೂ ನೆನೆಯಲ್ಲ ಅಂತ ಔಷಧಿಗೆ ಬೇಕಾದ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣದ ಚೀಲ, ಪಂಪು, ಪೈಪು ಎಲ್ಲ ಅದರಲ್ಲೇ ತುಂಬಿದೆ. ಹೋಗುವಾಗ ಟ್ರೈಲರ್ ಹಾವಿನ ಬಾಲದ ಹಾಗೆ ಅತ್ತಿತ್ತ ಓಲಾಡಿತು. ದಾರಿ ಸರಿ ಇಲ್ಲ ಅಂದುಕೊಂಡೆ. ತೋಟ ಮುಟ್ಟಿ ಕೊಂಡಿ ಬಿಚ್ಚಿದ್ದೇ ತಡ, ಮೂಕಿ ಸರ್ರನೆ ಮೇಲೆದ್ದಿತು. ಗಲ್ಲಕ್ಕೆ ನಾಲ್ಕು ಬೆರಳು ದೂರದಲ್ಲಿ ಹೋಯಿತು. ಹಿಂದೆ ಡಿಕ್ಕಿ ನೆಲಕ್ಕೆ ಕುಕ್ಕರಿಸಿ ಕೂತಿತು, ಸುಣ್ಣ ಚೆಲ್ಲಾಪಿಲ್ಲಿ.

ಅಪ್ಪ ಕಟ್ಟೆ ಮೇಲೆ ಕೂತು ನೋಡುತ್ತಿದ್ದರು. "ಹಿಂಭಾರ ಆಯ್ತಲ್ಲೋ. ಗಾಡಿ ಹೊಡೆದವರನ್ನ ಕೇಳೋದಲ್ವಾ?" ಅಂದರು.

ಅಪ್ಪ ಎತ್ತಿನ ಗಾಡಿ ಹೊಡೆದವರು. ಗಾಡಿ ತುಂಬುವಾಗ ಮೂಕಿಯನ್ನು ಭುಜದ ಮೇಲೆ ಎತ್ತಿ ನೋಡಿ, ಎತ್ತಿನ ಹೆಗಲಿಗೆ ಎಷ್ಟು ಭಾರ ಬೀಳುತ್ತದೆ ಅಂತ ಅಂದಾಜು ಮಾಡುತ್ತಿದ್ದರಂತೆ. ಟ್ರೈಲರ್‌ಗೂ ಅದೇ ಲೆಕ್ಕ. ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಕೊಂಡಿಯ ಮೇಲೆ ಇರಬೇಕು. ಕಮ್ಮಿಯಾದರೆ ಓಲಾಡುತ್ತದೆ. ತೀರಾ ಜಾಸ್ತಿಯಾದರೆ ಜೀಪಿನ ಹಿಂಭಾಗ ಕುಸಿದು ಸ್ಟೇರಿಂಗ್ ಹಗುರವಾಗುತ್ತದೆ. ಕಾರಿನಲ್ಲಿ ಡಿಕ್ಕಿ ಇರುವುದೇ ಆಕ್ಸಲ್‌ನ ಹಿಂದೆ. ಅಲ್ಲಿ ಹಾಕಿದ ಒಂದೊಂದು ಕೆಜಿಯೂ ಮೂಕಿಯನ್ನು ಎತ್ತುತ್ತದೆ. ಕಾರಿಗೆ ಮುಂದೆ ಎಂಜಿನ್ ಭಾರ ಇತ್ತು, ನಡೆಯುತ್ತಿತ್ತು. ನಾವು ಎಂಜಿನ್ನೇ ಗುಜರಿಯಲ್ಲಿ ಬಿಟ್ಟು ಬಂದಿದ್ದೇವಲ್ಲ!

ಅಂದಿನಿಂದ ಡಿಕ್ಕಿಯಲ್ಲಿ ಊಟದ ಕ್ಯಾರಿಯರ್, ಕತ್ತಿ, ಹಗ್ಗ, ಉಂಬಳಕ್ಕೆ (ಜಿಗಣೆಗೆ) ಹಚ್ಚುವ ಸುಣ್ಣ-ತಂಬಾಕು, ಇಷ್ಟೇ. ಗೊನೆಯನ್ನು ಮೊದಲು ಮುಂದಕ್ಕೆ ಒಟ್ಟಿ, ಆಮೇಲೆ ಹಿಂದಕ್ಕೆ ಬರುತ್ತೇವೆ. ಅಡಿಕೆ ಚೀಲ ತೂಗುವ ಕೊಕ್ಕೆ ತಕ್ಕಡಿಗೆ ಮೂಕಿ ಸಿಕ್ಕಿಸಿ ಒಮ್ಮೆ ತೂಕ ನೋಡಿಕೊಂಡೆ. ಈಗ ಕೈಯಲ್ಲಿ ಎತ್ತಿದರೇ ಗೊತ್ತಾಗುತ್ತದೆ.

ಕೊಂಡಿಯ ಬಗ್ಗೆಯೂ ಒಂದು ಮಾತು. ಮೊದಲು ಚಪ್ಪಟೆ ಪಟ್ಟಿಗೆ ಪಿನ್ ಹಾಕುವ ನಮೂನೆ ಇತ್ತು. ಜೀಪು ಎಡಕ್ಕೆ ವಾಲಿ ಟ್ರೈಲರ್ ಬಲಕ್ಕೆ ವಾಲುವ ಜಾಗದಲ್ಲಿ ಪಟ್ಟಿ ತಿರುಚಿಕೊಂಡಿತು. ಈಗ ದಪ್ಪ ಬಳೆ, ಕೊಕ್ಕೆ. ಲಟಲಟ ಸದ್ದು ಮಾಡುತ್ತದೆ, ಆದರೆ ಯಾವ ಕಡೆ ಬೇಕಾದರೂ ವಾಲುತ್ತದೆ. ಜೊತೆಗೆ ಒಂದು ಸರಪಳಿ ಇರಲೇಬೇಕು.

ಇಳಿಜಾರಿನಲ್ಲಿ ಹುಷಾರು. ಓಡುವಾಗ ಹಿಡಿಯುವ ಬ್ರೇಕ್ ಟ್ರೈಲರ್‌ಗೆ ಇಲ್ಲ. ಎರಡನೇ ವರ್ಷ ಪಾಚಿ ಕಟ್ಟಿದ ಜಂಬಿಟ್ಟಿಗೆ ಇಳಿಜಾರಿನಲ್ಲಿ ಜೀಪಿಗೆ ಬ್ರೇಕ್ ಹಾಕಿದೆ. ಜೀಪು ನಿಂತಿತು, ಟ್ರೈಲರ್ ನಿಲ್ಲಲಿಲ್ಲ. ಹಿಂದಿನಿಂದ ನೂಕಿ, ಮಡಚಿದ ಕತ್ತಿಯ ಹಾಗೆ ಎರಡೂ ದಾರಿ ಪಕ್ಕದ ಮಣ್ಣಿನ ಧರೆಗೆ ಒರಗಿದವು. ಬಲಗಡೆಯ ಟೈಲ್ ಲ್ಯಾಂಪ್ ಹೋಯಿತು. ಈಗ ಮೇಲಿನಿಂದಲೇ ಲೋ ಗೇರ್ ಹಾಕಿ, ಕಾಲು ಬ್ರೇಕ್ ಮುಟ್ಟದೆ ಇಳಿಸುತ್ತೇನೆ. ತುಂಬಿದ ಟ್ರೈಲರ್ ಮೇಲೆ ಮಕ್ಕಳನ್ನು ಹತ್ತಿಸುವುದಿಲ್ಲ. ಎಷ್ಟೇ ಅತ್ತರೂ ಇಲ್ಲ.

ಡಾಂಬರು ರಸ್ತೆಗೂ ಇದನ್ನು ಇಳಿಸುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೈಲರ್ ಕೂಡ ನೋಂದಣಿ ಆಗಬೇಕಾದ ವಾಹನವೇ. ನಮ್ಮ ಮನೆ, ತೋಟ, ಸೊಪ್ಪಿನ ಬೆಟ್ಟ ಒಂದೇ ಬೇಲಿಯೊಳಗೆ ಇರುವುದರಿಂದ ನಡೆಯುತ್ತಿದೆ. ಅಡಿಕೆ ಮಂಡಿಗೆ ಇದರಲ್ಲೇ ಹೋಗಬಹುದು ಅಂತ ಕನಸು ಕಾಣುವವರು ಮೊದಲು ಆರ್‌ಟಿಓ ಕಚೇರಿಗೆ ಹೋಗಿ ಬನ್ನಿ.

ತುಕ್ಕು? ಇಲ್ಲಿನ ಮಳೆಗೆ ಹೊಸ ತಗಡೇ ನಿಲ್ಲಲ್ಲ, ಇದು ಮೂವತ್ತು ದಾಟಿದ ತಗಡು. ಬಾಗಿಲ ಕೆಳಗಿನ ಟೊಳ್ಳಿನಲ್ಲಿ ನೀರು ನಿಂತು ಒಳಗಿಂದಲೇ ತಿನ್ನುತ್ತದೆ. ಅಲ್ಲಿ ತೂತು ಕೊರೆಸಿ, ಪ್ರತಿ ಮೇ ತಿಂಗಳು ಹಳೇ ಎಂಜಿನ್ ಆಯಿಲ್ ಸುರಿಯುತ್ತೇನೆ. ಆದರೆ ಮಳೆಗಿಂತ ಜಾಸ್ತಿ ತಿಂದಿದ್ದು ಮೈಲುತುತ್ತ. ಅವತ್ತು ಡಿಕ್ಕಿ ಕುಕ್ಕರಿಸಿದಾಗ ಸ್ವಲ್ಪ ಪುಡಿ ಮೂಲೆಯಲ್ಲಿ ಉಳಿದು ನೀರು ಸೇರಿತ್ತು. ಎರಡು ದಿನ ಬಿಟ್ಟು ನೋಡಿದರೆ, ಬಣ್ಣ ಕೆರೆದುಹೋದ ಕಡೆಯೆಲ್ಲ ಹೊಸ ತಾಮ್ರದ ಚೊಂಬಿನ ಬಣ್ಣ. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಸರಿಯಾಗಿದೆಯಾ ಅಂತ ನಾವು ಚಾಕು ಅದ್ದಿ ನೋಡುತ್ತೇವಲ್ಲ, ಸುಣ್ಣ ಕಮ್ಮಿಯಾಗಿದ್ದರೆ ಚಾಕು ಕೆಂಪಾಗುತ್ತದಲ್ಲ, ಅದೇ ಕತೆ. ತಾಮ್ರ ಕೂತ ಕಡೆ ಕಬ್ಬಿಣ ಕರಗಿರುತ್ತದೆ. ಅಮ್ಮ "ಚೆನ್ನಾಗಿ ಹೊಳೀತಿದೆ" ಅಂದರು. ಮರು ವರ್ಷ ಅಲ್ಲಿ ಹೆಬ್ಬೆಟ್ಟು ಒತ್ತಿದರೆ ಆಚೆ ಬಂತು. ಈಗ ಮೈಲುತುತ್ತ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ಅದೂ ಮುಂದಿನ ಭಾಗದಲ್ಲಿ.

ಖರ್ಚು ಕೇಳುವವರಿಗೆ: ಹಿಂಭಾಗ ₹16,000, ಹಾಳಾದ ಮೊದಲ ಬೆಸುಗೆ ₹9,000, ಚೌಕಟ್ಟು ಕೂಲಿ ಸೇರಿ ₹19,000, ಎರಡು ಹಳೇ ಟೈರು ₹3,000, ರೆಡ್ ಆಕ್ಸೈಡು ಮತ್ತು ಬಣ್ಣ ₹4,500. ಒಟ್ಟು ₹51,500. ನಾಲ್ಕು ವರ್ಷದ ರಿಪೇರಿಗೆ ಇನ್ನೊಂದು ಹನ್ನೊಂದು ಸಾವಿರ, ಅದರಲ್ಲಿ ಮುಕ್ಕಾಲು ಪಾಲು ತಗಡಿಗೇ. ಆಕ್ಸಲ್‌ಗೆ ಇಷ್ಟು ದಿನಕ್ಕೆ ಎರಡು ಬೇರಿಂಗು, ಸ್ವಲ್ಪ ಗ್ರೀಸು, ಅಷ್ಟೇ.

ಹಾಗಾಗಿ ನನ್ನನ್ನು ಕೇಳಿದರೆ ಆಕ್ಸಲ್, ಪಾಟಾ, ಚಕ್ರ ಮಾತ್ರ ತನ್ನಿ. ಚಾನಲ್ ಚೌಕಟ್ಟು ಕಟ್ಟಿಸಿ, ಮೇಲೆ ಹಲಗೆ ಹಾಕಿ. ಅರ್ಧ ದುಡ್ಡು ಉಳಿಯುತ್ತದೆ, ತೂಕವೂ ಇಳಿಯುತ್ತದೆ. ಆಕ್ಸಲ್‌ಗೆ ಹತ್ತಕ್ಕೆ ಒಂಬತ್ತು ಅಂಕ ಕೊಡುತ್ತೇನೆ. ಮೈಗೆ ನಾಲ್ಕು.

ಭಾವನಿಗೂ ಇದನ್ನೇ ಹೇಳಿದ್ದೆ. ಕಳೆದ ತಿಂಗಳು ಬಂದು ಎಲ್ಲ ಅಳತೆ ತೆಗೆದುಕೊಂಡು ಹೋದ. ಮೊನ್ನೆ ಫೋನ್ ಮಾಡಿದ್ದ, ಸಾಗರದಲ್ಲಿ ಒಂದು ಬಿಳಿ ಅಂಬಾಸಿಡರ್ ನೋಡಿದ್ದಾನಂತೆ, ಡಿಕ್ಕಿ ಮಾತ್ರ ಒಂದು ಗೀರೂ ಇಲ್ಲದೆ ಇದೆಯಂತೆ.