ಸೀಡರ್ ಪಾರ್ಕ್ ಮನೆ ಮಾರಿಸಿಕೊಟ್ಟ ಏಜೆಂಟ್, ಕಮಿಷನ್ ಕೊಟ್ಟಿದ್ದು ಸಾರ್ಥಕ ಆಯ್ತು

ಟೆಕ್ಸಸ್‌ನ ಆಸ್ಟಿನ್ ಕಡೆ ಮನೆ ಮಾರೋಕೆ ಹೊರಟಿರೋ ನಮ್ಮವರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ. ನಮ್ದು ಸೀಡರ್ ಪಾರ್ಕಲ್ಲಿ ನಾಲ್ಕು ಬೆಡ್‌ರೂಮಿನ ಮನೆ, 2016ರಲ್ಲಿ ತಗೊಂಡಿದ್ದು, ಬಾಗಿಲು ಪಶ್ಚಿಮಕ್ಕೆ. ನಮ್ ಯಜಮಾನ್ರಿಗೆ ಡಲ್ಲಾಸಲ್ಲಿ ಕೆಲಸ ಆಯ್ತು, ಹಂಗಾಗಿ 2025ರ ಏಪ್ರಿಲಲ್ಲಿ ಮಾರೋಕೆ ಇಟ್ವಿ.

ಮೊದಲು ಕಮಿಷನ್ ಉಳಿಯುತ್ತೆ ಅಂತ, ಇಷ್ಟೇ ಅಂತ ಒಂದು ಫಿಕ್ಸೆಡ್ ಫೀ ತಗೊಂಡು ಎಂಎಲ್‌ಎಸ್‌ಗೆ (ಏಜೆಂಟ್‌ಗಳು ಮಾರಾಟದ ಮನೆಗಳನ್ನ ಹಾಕೋ ಲಿಸ್ಟ್) ಹಾಕಿಕೊಡೋ ಒಂದು ಸರ್ವೀಸ್ ಹಿಡಿದ್ವಿ. ಬೆಲೆ ನಾವೇ ಇಟ್ಟಿದ್ದು, 5.85 ಲಕ್ಷ ಡಾಲರ್. ಯಾಕಂದ್ರೆ ಹಿಂದಿನ ಬೀದಿಯವರು 2022ರಲ್ಲಿ ಒಂದೇ ವೀಕೆಂಡಲ್ಲಿ ಅದಕ್ಕಿಂತ ಜಾಸ್ತಿಗೆ ಮಾರಿದ್ರು, ಆ ನಂಬರ್ ತಲೇಲಿ ಕೂತುಬಿಟ್ಟಿತ್ತು, ಆನ್‌ಲೈನ್ ಎಸ್ಟಿಮೇಟೂ ಅದರ ಹತ್ರಾನೇ ತೋರಿಸ್ತಿತ್ತು. ಆದ್ರೆ 2022ರ ಮೇ ಅಂದ್ರೆ ಇಲ್ಲಿನ ಮಾರ್ಕೆಟ್ ತುತ್ತತುದೀಲಿ ಇದ್ದ ಕಾಲ, ಆಸ್ಟಿನ್ ಮತ್ತೆ ಸುತ್ತಮುತ್ತಲಿನ ಮನೆಗಳ ಮೀಡಿಯನ್ (ಸರಿ ಮಧ್ಯದ) ಬೆಲೆ 5.5 ಲಕ್ಷ ಮುಟ್ಟಿತ್ತು, ಅಲ್ಲಿಂದ ಇಳಿದಿದ್ದು ನಾವು ಮಾರೋವರೆಗೂ ಮತ್ತೆ ಅಲ್ಲಿಗೆ ಹೋಗಿರಲಿಲ್ಲ. ಮೂರು ತಿಂಗಳಲ್ಲಿ ಹನ್ನೊಂದು ಜನ ಬಂದು ನೋಡಿದ್ರು, ಒಂದೇ ಒಂದು ಆಫರ್ ಇಲ್ಲ. ಅಲ್ಲಿ ಬಾಡಿಗೆ, ಇಲ್ಲಿ ಮಾರ್ಟ್‌ಗೇಜ್, ರಾತ್ರಿ ನಿದ್ದೆ ಬರ್ತಿರಲಿಲ್ಲ.

ಜುಲೈಲಿ ಲಿಸ್ಟಿಂಗ್ ತೆಗೆದು, ಸ್ನೇಹಿತರು ಹೇಳಿದ ಲೋಕಲ್ ಏಜೆಂಟ್ ಒಬ್ಬರನ್ನ ಕರೆಸಿದ್ವಿ. ಟೆಕ್ಸಸಲ್ಲಿ ಮನೆ ಎಷ್ಟಕ್ಕೆ ಮಾರಾಟ ಆಯ್ತು ಅನ್ನೋದನ್ನ ಸರ್ಕಾರಕ್ಕೆ ತಿಳಿಸಲೇಬೇಕು ಅಂತಿಲ್ಲ, ಅದಕ್ಕೇ ವೆಬ್‌ಸೈಟ್‌ಗಳ ಅಂದಾಜು ಇಲ್ಲಿ ಅಷ್ಟು ಸರಿ ಬರಲ್ಲ, ಇದು ನನಗೆ ಗೊತ್ತೇ ಇರಲಿಲ್ಲ. ಅವ್ರು ಎಂಎಲ್‌ಎಸ್‌ನಿಂದ ನಿಜವಾಗಿ ಸೋಲ್ಡ್ ಆದ ಐದು ಮನೆಗಳ ಬೆಲೆ ಪ್ರಿಂಟ್ ತಂದು ಟೇಬಲ್ ಮೇಲಿಟ್ಟು, ‘5.35ಕ್ಕಿಂತ ಮೇಲೆ ಇಟ್ರೆ ನಾನು ಈ ಲಿಸ್ಟಿಂಗ್ ತಗೊಳ್ಳಲ್ಲ’ ಅಂದ್ರು. ಕೇಳಿ ಬೇಜಾರಾಯ್ತು, ಆದ್ರೆ ಏಪ್ರಿಲಲ್ಲೇ ಯಾರಾದ್ರೂ ಹಿಂಗೆ ಮುಖಕ್ಕೆ ಹೇಳಿದ್ರೆ ಎಷ್ಟು ದುಡ್ಡು ಉಳೀತಿತ್ತು ಅನ್ನಿಸ್ತು.

ನಮಗೆ ಪೈಪೋಟಿ ಪಕ್ಕದ ಮನೆಯವರಲ್ಲ, ಬಿಲ್ಡರ್‌ಗಳು ಅನ್ನೋದನ್ನೂ ಅವ್ರೇ ತೋರಿಸಿದ್ದು. ಹತ್ರದ ಲಿಯಾಂಡರ್, ಲಿಬರ್ಟಿ ಹಿಲ್ ಕಡೆ ಹೊಸ ಮನೆ ತಗೊಂಡ್ರೆ ಬಿಲ್ಡರೇ ದುಡ್ಡು ಕಟ್ಟಿ ಸಾಲದ ಬಡ್ಡಿ ಇಳಿಸಿಕೊಡ್ತಿದ್ರು, ಕ್ಲೋಸಿಂಗ್ (ಮಾರಾಟ ಮುಗಿಸಿ ಮನೆ ಹೆಸರಿಗೆ ಮಾಡೋ) ಖರ್ಚೂ ಕೊಡ್ತಿದ್ರು, ಆಗ ಬಡ್ಡಿ 6 ಪರ್ಸೆಂಟ್ ಮೇಲಿತ್ತು, ಹಂಗಿರೋವಾಗ ತಗೊಳೋರು ನೋಡೋದು ತಿಂಗಳ ಕಂತನ್ನ. ಅದಕ್ಕೆ ನಾವೂ ಕ್ಲೋಸಿಂಗಿಗೆ ಅಂತ 8 ಸಾವಿರ ಡಾಲರ್ ಕೊಡೋಕೆ ತಯಾರಾದ್ವಿ. ನಮ್ಮ ಜನ ಹೆಚ್ಚಾಗಿ ಪೂರ್ವದ ಬಾಗಿಲೇ ಕೇಳ್ತಾರೆ, ಹಂಗಾಗಿ ಇಂಡಿಯನ್ ಬೈಯರ್‌ಗಳನ್ನೇ ಕಾಯ್ತಾ ಕೂರಬೇಡಿ ಅಂದ್ರು. ದೇವರ ಕೋಣೆ ಮಾಡಿಕೊಂಡಿದ್ದ ಕ್ಲಾಸೆಟ್ ಖಾಲಿ ಮಾಡಿಸಿದ್ರು, ಒಂಬತ್ತು ವರ್ಷದ ಒಗ್ಗರಣೆ ಹೊಗೆ ಕೂತಿದ್ದ ಅಡುಗೆಮನೆ ಗೋಡೆಗೆ ಪೇಂಟ್ ಹೊಡೆಸಿದ್ರು. ದೇವರ ಫೋಟೋಗಳನ್ನ ಬಾಕ್ಸಿಗೆ ಇಡೋವಾಗ ನನಗೆ ಕಣ್ಣಲ್ಲಿ ನೀರು ಬಂತು. ಅವ್ರು ಆಗ ಏನೂ ಮಾತಾಡದೆ ಹೊರಗಡೆ ಹೋಗಿ ನಿಂತ್ರು, ಆ ಮರ್ಯಾದೆ ಮರೆಯಲ್ಲ.

ಆಗಸ್ಟ್ ಕೊನೇಲಿ ಲಿಸ್ಟ್ ಆಯ್ತು, ಮೂರು ವಾರದಲ್ಲಿ ಒಂದು ಆಫರ್. ಆಪ್ಷನ್ ಪೀರಿಯಡ್ ಏಳು ದಿನ, ಅಷ್ಟರೊಳಗೆ ಬೈಯರ್ ಕಾರಣ ಹೇಳದೆ ಬಿಟ್ಟು ಹೋಗಬಹುದು. ಇನ್‌ಸ್ಪೆಕ್ಟರು ಗ್ಯಾರೇಜ್ ಹತ್ರ ಬಿರುಕು ನೋಡಿ ಫೌಂಡೇಶನ್ ತೊಂದರೆ ಅಂತ ಬರೆದುಬಿಟ್ರು. ಇಲ್ಲಿ ಎಷ್ಟೋ ಕಡೆ ಜೇಡಿಮಣ್ಣು, ಮಳೆಗೆ ಉಬ್ಬುತ್ತೆ ಬಿಸಿಲಿಗೆ ಕುಗ್ಗುತ್ತೆ, ಆ ಮಾತು ಕೇಳಿದ್ರೆ ಬೈಯರ್‌ಗಳು ಓಡ್ತಾರೆ. ನಮ್ಮ ಏಜೆಂಟ್ ಮಾರನೇ ದಿನಾನೇ ಸ್ಟ್ರಕ್ಚರಲ್ ಇಂಜಿನಿಯರ್ ಕರೆಸಿ, ತೊಂದರೆ ಇಲ್ಲ ಅಂತ ರಿಪೋರ್ಟ್ ಬರೆಸಿದ್ರು. ಡೀಲ್ ಉಳೀತು, 5.22ಕ್ಕೆ ಅಕ್ಟೋಬರಲ್ಲಿ ಕ್ಲೋಸ್ ಆಯ್ತು.

ಅವ್ರ ಕಮಿಷನ್ 2.5 ಪರ್ಸೆಂಟ್. ಬೈಯರ್ ಏಜೆಂಟಿಗೆ ಎಷ್ಟು ಕೊಡ್ತೀವಿ ಅಂತ 2024ರ ಆಗಸ್ಟ್ 17ರಿಂದ ಎಂಎಲ್‌ಎಸ್‌ನಲ್ಲಿ ಹಾಕೋ ಹಾಗಿಲ್ಲ, ಆಫರ್ ಜೊತೆ ಮಾತಾಡಿ ನಾವು 2 ಕೊಟ್ವಿ. ಅರ್ಧ ಮಾರ್ಕ್ ಕಟ್ ಮಾಡ್ತೀನಿ ಅಂದ್ರೆ ಒಂದೇ ಕಾರಣಕ್ಕೆ, ಮನೆ ನೋಡಿ ಹೋದವರು ಏನಂದ್ರು ಅನ್ನೋ ಫೀಡ್‌ಬ್ಯಾಕ್ ನಾನೇ ಎರಡು ಮೂರು ಸಲ ಮೆಸೇಜ್ ಮಾಡಿ ಕೇಳಬೇಕಾಯ್ತು. ಐದಕ್ಕೆ ನಾಲ್ಕೂವರೆ.

ಆಮೇಲೆ ಒಂದು ಗಮನದಲ್ಲಿರಲಿ, ಇಲ್ಲಿ ಪ್ರಾಪರ್ಟಿ ಟ್ಯಾಕ್ಸ್ ವರ್ಷದ ಕೊನೇಲಿ ಕಟ್ಟೋದಲ್ವಾ, ಜನವರಿಯಿಂದ ಕ್ಲೋಸಿಂಗ್ ದಿನದವರೆಗಿನದು ನಮ್ಮ ಕೈಗೆ ಬರೋ ದುಡ್ಡಲ್ಲೇ ಹಿಡೀತಾರೆ. ಅದನ್ನ ಏಜೆಂಟ್ ಜುಲೈಲೇ ಲೆಕ್ಕ ಹಾಕಿ ಕೊಟ್ಟಿದ್ರು, ಕ್ಲೋಸಿಂಗ್ ದಿನ ಟೈಟಲ್ ಕಂಪನೀಲಿ (ಮಾರಾಟದ ಪೇಪರ್, ದುಡ್ಡಿನ ಲೆಕ್ಕ ನೋಡಿಕೊಳ್ಳೋ ಕಂಪನಿ) ಕೂತಾಗ ಅವ್ರು ಹೇಳಿದ್ದಕ್ಕೂ ಬಂದಿದ್ದಕ್ಕೂ ಇನ್ನೂರು ಡಾಲರ್ ವ್ಯತ್ಯಾಸಾನೂ ಇರಲಿಲ್ಲ.