ಲಾನಿನ ಪುಲ್ಲಂಪುರಚಿ: ಕೈಯಲ್ಲಿ ಕೀಳುವುದೋ, 2,4-ಡಿ ಹೊಡೆಯುವುದೋ?

ಐದುನೂರು ಚದರಡಿಯೊಳಗಿನ ಮನೆ ಲಾನಾದರೆ ನನ್ನ ಓಟು ಕೈಗೇ. ಪುಲ್ಲಂಪುರಚಿ ಕಳೆಗೆ 2,4-ಡಿ (ಹುಲ್ಲನ್ನು ಬಿಟ್ಟು ಅಗಲೆಲೆ ಕಳೆಗಳನ್ನು ಕೊಲ್ಲುವ ಕಳೆನಾಶಕ) ಬಾಟಲಿ ಕೊಳ್ಳುವುದು ದಂಡ.

ಬೆಂಗಳೂರು, ಮೈಸೂರಿನ ಲಾನುಗಳಲ್ಲಿ ಕ್ಲೋವರ್ ಎಂದು ತೋರಿಸುವ ಮೂರೆಲೆ ಕಳೆ ಎಷ್ಟೋ ಸಲ ಪುಲ್ಲಂಪುರಚಿ. ಹೃದಯದಾಕಾರದ ಎಲೆ, ಐದೆಸಳಿನ ಹಳದಿ ಹೂ, ಬಾಯಿಗಿಟ್ಟರೆ ಹುಳಿ. ಕ್ಲೋವರ್ ತನ್ನ ಸಾರಜನಕವನ್ನು ತಾನೇ ಮಾಡಿಕೊಳ್ಳುತ್ತದೆ. ಯೂರಿಯಾ ಹಾಕಿದರೆ ಹುಲ್ಲು ಅದನ್ನು ಮೀರಿ ಬೆಳೆಯುತ್ತದೆ. ಪುಲ್ಲಂಪುರಚಿಗೆ ಈ ಉಪಾಯವೊಂದೇ ಸಾಲದು, ಗೊಬ್ಬರ ಅದಕ್ಕೂ ಸೇರುತ್ತದೆ.

2,4-ಡಿ ಹೊಡೆದ ಕೆಲವೇ ದಿನಕ್ಕೆ ಗಿಡ ಸೊಟ್ಟಗಾಗುತ್ತದೆ. ಬಲಿತ ಗಿಡ ಬೇರಿನಿಂದ ಮತ್ತೆ ಚಿಗುರುತ್ತದೆ.

ಅದಕ್ಕಿಂತ ದೊಡ್ಡ ತಲೆನೋವು ಪಂಪಿನದು. ಮನೆಯಲ್ಲಿರುವುದು ಎರಡು ಲೀಟರಿನ ಒಂದೇ ಕೈಪಂಪು. ಬೇವಿನೆಣ್ಣೆಗೂ ಅದೇ, ಕಳೆನಾಶಕಕ್ಕೂ ಅದೇ. ಎಷ್ಟು ತೊಳೆದರೂ ವಾಷರ್, ನಳಿಕೆಗಳಲ್ಲಿ ಚೂರು ಉಳಿಯುತ್ತದೆ. ಮುಂದಿನ ವಾರ ಅದರಲ್ಲೇ ಬೇವಿನೆಣ್ಣೆ ಹೊಡೆದ ಟೊಮೆಟೊ ಗಿಡದ ಎಳೆ ಎಲೆಗಳು ದಾರದಂತೆ ಸಪೂರವಾಗಿ ಸುರುಳಿಕೊಳ್ಳುತ್ತವೆ.

ಇದು ಎಲೆಮುರುಟು ರೋಗವೆಂದುಕೊಂಡು, ಅದನ್ನು ಹರಡುವ ಬಿಳಿನೊಣಕ್ಕೆ ಔಷಧಿ ತಂದು, ಅದನ್ನೂ ಅದೇ ಪಂಪಿನಲ್ಲಿ ಹೊಡೆದರೆ ಗಿಡದ ಕತೆ ಮುಗಿಯಿತು. ಟೊಮೆಟೊ, ದ್ರಾಕ್ಷಿ ಎರಡೂ 2,4-ಡಿಗೆ ತೀರಾ ಸೂಕ್ಷ್ಮ. ಗಾಳಿಯಲ್ಲಿ ತೇಲಿಬಂದ ಹನಿಯೂ ಕೆಡಿಸುತ್ತದೆ. ಹೊಡೆಯಲೇಬೇಕಿದ್ದರೆ ಬೇರೆ ಪಂಪು ಇಟ್ಟು ಕೆಂಪು ಬಣ್ಣ ಬಳಿಯಿರಿ. 2,4-ಡಿ ಎಸ್ಟರ್, ಅಮೈನ್ ಎಂಬ ಎರಡು ರೂಪದಲ್ಲಿ ಸಿಗುತ್ತದೆ. ಎಸ್ಟರ್ ಬೇಡ, ಬಿಸಿಲಿಗೆ ಆವಿಯಾಗಿ ಹರಡುತ್ತದೆ, ಅಮೈನ್ ವಾಸಿ.

ಗ್ಲೈಫೋಸೇಟ್ ಎಂಬ ಇನ್ನೊಂದು ಕಳೆನಾಶಕ ಹುಲ್ಲನ್ನೂ ಕೊಲ್ಲುತ್ತದೆ. ವಿನೆಗರ್ ಎಲೆ ಸುಡುತ್ತದೆ, ಬೇರಿಗೆ ಏನೂ ಆಗದು.

ಕೀಳುವುದಕ್ಕೆ ಹಿಂದಿನ ಸಂಜೆ ನೀರು ಹಾಯಿಸಿ. ಹಬ್ಬಿದ ಕಾಂಡವನ್ನು ಎಳೆಯಬೇಡಿ, ತುಂಡಾಗುತ್ತದೆ, ಗೆಣ್ಣುಗೆಣ್ಣಿಗೂ ಬೇರಿರುತ್ತದೆ. ಹಳೇ ಸ್ಕ್ರೂಡ್ರೈವರಿನಿಂದ ಒಂದೊಂದೇ ಗೆಣ್ಣು ಸಡಿಲಿಸುತ್ತ ತಾಯಿಬೇರಿನವರೆಗೆ ಹೋಗಿ. ಪುಟ್ಟ ಬೆಂಡೆಕಾಯಿಯಂಥ ಕಾಯಿ ನಿಲ್ಲುವ ಮುಂಚೆಯೇ ಕಿತ್ತರೆ ಅರ್ಧ ಕೆಲಸ ಮುಗಿದಂತೆ. ಬಲಿತ ಕಾಯಿ ಮುಟ್ಟಿದರೆ ಸಿಡಿದು ಬೀಜ ಚೆಲ್ಲುತ್ತದೆ. ಕಿತ್ತದ್ದು ನೇರ ಕವರಿಗೆ ಹೋಗಲಿ, ಗೊಬ್ಬರದ ಗುಂಡಿಗೆ ಬೇಡ. ಹತ್ತು ದಿನಕ್ಕೊಮ್ಮೆ ಹೀಗೆ ಕೂರಬೇಕು. ಮಣ್ಣಲ್ಲಿ ಬಿದ್ದ ಬೀಜ ಮೊಳೆಯುತ್ತಲೇ ಇರುತ್ತದೆ.

ಬರಿದಾದ ಜಾಗಕ್ಕೆ ಅಂಚಿನಿಂದ ಹುಲ್ಲಿನ ತುಂಡು ತಂದು ನೆಡಿ, ಇಲ್ಲದಿದ್ದರೆ ಅಲ್ಲಿ ಕಳೆಯೇ ಮೊದಲು ಬರುತ್ತದೆ. ನೂರು ಚದರಡಿಗೆ 100 ಗ್ರಾಂ ಯೂರಿಯಾ, ಎಲೆಯ ಮೇಲೆ ತೇವವಿಲ್ಲದಾಗ ಎರಚಿ ಕೂಡಲೇ ನೀರು ಕೊಡಿ. ತಡವಾದರೆ ಹುಲ್ಲು ಸುಡುತ್ತದೆ. ಒಂದೂವರೆ ಅಂಗುಲಕ್ಕಿಂತ ಗಿಡ್ಡ ಕತ್ತರಿಸಬೇಡಿ.

ಹೀಗೆ ಅರ್ಧ ಗಂಟೆ ಕುಕ್ಕರುಗಾಲಲ್ಲಿ ಕೂರಲು ಆಗದವರು ಮಾಲಿಗೆ ಕೂಲಿ ಕೊಟ್ಟು ತೆಗೆಸಿ. ಆದರೆ ಕಾಯಿ ಇದ್ದಾಗ ಅವನು ಹುಲ್ಲು ಕತ್ತರಿಸುವ ಮೆಷಿನ್ ಓಡಿಸದಂತೆ ನೋಡಿಕೊಳ್ಳಿ, ಬೀಜ ಇಡೀ ಲಾನಿಗೆ ಹರಡುತ್ತದೆ.